ಮನೆಯಿಲ್ಲದ ಬೀದಿಗಳ ಚಿತ್ರ

ಮಾರ್ಚ್ ೩, ೨೦೦೯, ಬೆಳಿಗ್ಗೆ

ಮತ್ತೆ ಅದೇ ಹೊಲದ ಕೊಟ್ಟಿಗೆ, ಕೆಂಪು ಬಾರ್ನ್. ಪಕ್ಕದಲ್ಲಿ ಅದೇ ಮೇವಿನ ಗೋಪುರ, ಸೈಲೋ, ಹಿಂದೆ ಅದೇ ಮುಸುಕಿನ ಜೋಳದ ಹೊಲ. ಕೈ ತಾನಾಗಿಯೇ ಬರೆಯುತ್ತದೆ, ನಾನು ಬೇಕಾಗಿಯೇ ಇಲ್ಲ. ಒರೆಸಿದೆ. ಬರೆದೆ. ಮತ್ತೆ ಒರೆಸಿದೆ.

ಡೌನರ್ಸ್ ಗ್ರೋವಿನ ಗ್ಯಾಲರಿಯಿಂದ ಮೇರಿಯನ್ ಫೋನ್ ಮಾಡಿದ್ದಳು. ನನ್ನ ಪ್ರೇರಿ ಬಯಲಿನ ಚಿತ್ರಗಳನ್ನು ಯಾರೂ ಕೇಳುತ್ತಿಲ್ಲವಂತೆ. ಹೊಸ ಮನೆಗೆ ಬಂದವರು ಸೋಫಾದ ಮೇಲಿನ ಗೋಡೆಗೆಂದು ಕೊಳ್ಳುತ್ತಿದ್ದರು. ಮನೆ ವ್ಯಾಪಾರ ಬಿದ್ದುಹೋಗಿ ಈಗ ಹೊಸ ಮನೆಗಳೇ ಇಲ್ಲ. ಹೊಲ ಅಗೆದು ಮನೆ ಕಟ್ಟಿ, ಅದರೊಳಗೆ ಹೊಲದ ಚಿತ್ರ ತೂಗುಹಾಕುವವರನ್ನು ನಂಬಿಕೊಂಡಿದ್ದೆ... ಈವತ್ತು ಹೊಳೆಯಿತು.

ನಮ್ಮ ಯಜಮಾನರು, ಶ್ರೀಹರಿ, ಗರಾಜಿನಲ್ಲಿ. ಜನವರಿಯಲ್ಲಿ ಇಂಜಿನಿಯರ್ ಕೆಲಸದಿಂದ ಲೇಆಫ್ ಆದಾಗಿನಿಂದ ಗರಾಜನ್ನು ಜೋಡಿಸುವುದೇ ಕೆಲಸ. ನನ್ನ ಬ್ರಷ್ಷುಗಳನ್ನೂ ಸೈಜಿನ ಪ್ರಕಾರ ನಿಲ್ಲಿಸಿಟ್ಟಿದ್ದಾರೆ. ಬೇಕಾದ್ದು ಒಂದೂ ಸಿಗುವುದಿಲ್ಲ.

ಮಾರ್ಚ್ ೧೨

ಮನೆಯಲ್ಲಿ ಕೂರಲಾಗಲಿಲ್ಲ. ಕಾರು ತೆಗೆದು ಪಶ್ಚಿಮಕ್ಕೆ ಹೊರಟೆ. ನೇಪರ್‌ವಿಲ್ ಹಿಂದಾಯಿತು. ಎಲ್ಬರ್ನ್ ದಾಟಿದ ಮೇಲೆ ದಾರಿ ತಪ್ಪಿ ಒಂದು ಸಬ್‌ಡಿವಿಜನ್ನಿನೊಳಗೆ ಹೋಗಿಬಿಟ್ಟೆ — ಹೊಲಗಳ ನಡುವೆ ಹೊಸ ಬಡಾವಣೆ. ಕಲ್ಲಿನ ಗೇಟು. ಒಳಗೆ ರಸ್ತೆ, ರಸ್ತೆಯಂಚಿನ ಕರ್ಬ್, ದೀಪದ ಕಂಬ, ಬೆಂಕಿ ಆರಿಸುವ ನೀರಿನ ಕೆಂಪು ಹೈಡ್ರಂಟು. ಬೀದಿಗೆಲ್ಲ ಬಯಲಿನ ಹೂವು-ಹುಲ್ಲಿನ ಹೆಸರು — ಪ್ರೇರಿ ರೋಸ್ ಲೇನ್, ಬ್ಲೂಸ್ಟೆಮ್ ಕೋರ್ಟ್. ಮನೆ ಮಾತ್ರ ಒಂದೂ ಇಲ್ಲ. ಕಟ್ಟುವವರು ಅರ್ಧಕ್ಕೇ ಬಿಟ್ಟು ಹೋಗಿದ್ದಾರೆ. ಸೈಟುಗಳಲ್ಲಿ ಎದೆಯೆತ್ತರದ ಒಣಹುಲ್ಲು. ಕಾಂಕ್ರೀಟಿನ ಬಿರುಕಿನಲ್ಲೂ ಹುಲ್ಲು.

ಬೆರಳು ಮರಗಟ್ಟುವವರೆಗೆ ಸ್ಕೆಚ್ ಮಾಡಿದೆ.

"ಎಲ್ಲಿಗೆ ಹೋಗಿದ್ದೆ?" ಎಂದು ಶ್ರೀಹರಿ ಕೇಳಿದರು. "ಬಾರ್ನ್ ನೋಡಕ್ಕೆ" ಎಂದೆ. ಕೆಲಸ ಕಳೆದುಕೊಂಡವರಿಗೆ ನಿಂತುಹೋದ ಕೆಲಸದ ಸುದ್ದಿ ಯಾಕೆ ಅನ್ನಿಸಿತು.

ಮಾರ್ಚ್ ೩೦

ಆ ಖಾಲಿ ಬೀದಿಗಳಿಗೆ ಮತ್ತೆ ಮತ್ತೆ ಹೋಗಿಬರುತ್ತಿದ್ದೇನೆ. ದೊಡ್ಡ ಕ್ಯಾನ್ವಾಸ್ ಶುರುಮಾಡಿದೆ. ಒಗ್ಗರಣೆ ಸೀದುಹೋಯಿತು. ಹೋಗಲಿ.

ಏಪ್ರಿಲ್ ೬, ಮಧ್ಯಾಹ್ನ

ಕಾಫಿ ತಂದ ಇವರು ಕ್ಯಾನ್ವಾಸಿನ ಮುಂದೆ ನಿಂತುಬಿಟ್ಟರು.

"ಇದು ಬ್ಲೂಸ್ಟೆಮ್ ಕೋರ್ಟ್ ತಿರುವು ಅಲ್ವಾ?"

"ನಿಮಗೆ ಹೇಗ್ರೀ ಗೊತ್ತು?"

"ಈ ರಸ್ತೆ, ಈ ಡ್ರೈನು ಎಲ್ಲಾ ಡಿಸೈನ್ ಮಾಡಿದ್ದು ನಾನು ಕಣೇ."

ಎಷ್ಟು ಸಂಜೆ "ಸೈಟಿಗೆ ಹೋಗಿದ್ದೆ" ಎಂದು ಹೇಳಿಕೊಂಡು ಬಂದಿದ್ದಾರೆ. ಎಲ್ಲಿಯ ಸೈಟು ಎಂದು ಒಮ್ಮೆಯೂ ಕೇಳಿದವಳಲ್ಲ ನಾನು.

"ಚೆನ್ನಾಗಿದೆಯಾ?" ಎಂದೆ, ಪೆದ್ದಿಯ ಹಾಗೆ.

"ಚೆನ್ನಾಗಿದೆ. ಯಾರಿಗೂ ತೋರಿಸ್ಬೇಡ."

ಕಾಫಿ ಅಲ್ಲೇ ಬಿಟ್ಟು ಹೋದರು.

ಏಪ್ರಿಲ್ ೯

ಚಿತ್ರ ಆರಿಸಲು ಬಂದ ಮೇರಿಯನ್ ಇದನ್ನೂ ನೋಡಿಬಿಟ್ಟಳು. ಜೂನ್ ಶೋಗೆ ಇದೇ ಬೇಕಂತೆ, ಗ್ಯಾಲರಿಯ ಮುಖ್ಯ ಗೋಡೆಗೆ. ಬಾರ್ನುಗಳ ಕಡೆ ತಿರುಗಲೂ ಇಲ್ಲ. ಕೇಳಿ ಹೇಳುತ್ತೇನೆ ಎಂದೆ. ಯಾರನ್ನು ಕೇಳಬೇಕು ಎನ್ನುವ ಹಾಗೆ ನೋಡಿದಳು.

ಆನ್ ಆರ್ಬರಿನಿಂದ ಮಗಳ ಫೋನ್. ಫೋಟೋ ಕಳಿಸಿದ್ದೆ.

"ಅಮ್ಮಾ, ದಿಸ್ ಈಸ್ ಯುವರ್ ಬೆಸ್ಟ್ ವರ್ಕ್."

"ನಿಮ್ಮಪ್ಪ ಬೇಡ ಅಂತಾರೆ, ಸಿಂಧು."

"ದೆನ್ ಟಾಕ್ ಟು ಹಿಮ್!"

ಅವಳಿಗೆ ಎಲ್ಲವೂ ಸುಲಭ. ಒಪ್ಪಿಗೆಯಿಲ್ಲದೆ ಕೊಟ್ಟರೆ ಇವರ ಮುಖ ನೋಡಲಾರೆ. ಕೊಡದಿದ್ದರೆ... ಇನ್ನೊಂದು ಬಾರ್ನ್ ಬರೆಯಲಾರೆ.

ಏಪ್ರಿಲ್ ೨೮

ಕ್ಯಾನ್ವಾಸ್ ಗೋಡೆಗೆ ಮುಖ ಮಾಡಿ ನಿಂತಿದೆ. ನಾವೂ ಹೆಚ್ಚುಕಡಿಮೆ ಹಾಗೆಯೇ.

ಬಿಡದೆ ಮಳೆ. ಇವರು ಕಿಟಕಿಯಿಂದ ಕಿಟಕಿಗೆ ಅಲೆಯುತ್ತಿದ್ದರು. ತಿಂಡಿಯಾದ ಮೇಲೆ ಇದ್ದಕ್ಕಿದ್ದಂತೆ ಬೂಟು ಹಾಕಿಕೊಂಡು, "ಏಳೇ, ನೋಡ್ಕೊಂಡು ಬರೋಣ."

"ಏನನ್ನ?"

"ನಿನ್ನ ಬ್ಲೂಸ್ಟೆಮ್ ಕೋರ್ಟನ್ನ. ನೀರು ನಿಲ್ಲತ್ತೋ ಹರಿಯತ್ತೋ ನೋಡ್ಬೇಕು."

ದಾರಿಯುದ್ದಕ್ಕೂ ಹೊಲಗಳಲ್ಲಿ ನೀರು ನಿಂತಿತ್ತು. ಇವರ ಬೀದಿಗಳಲ್ಲಿ ಮಾತ್ರ ಕರ್ಬ್ ಹಿಡಿದು ಓಡಿ, ಮಳೆನೀರಿಗೆಂದೇ ತೋಡಿದ ಕೊನೆಯ ತಗ್ಗಿಗೆ ಸೇರುತ್ತಿತ್ತು. ತಗ್ಗು ತುಂಬಿ ಕೆರೆಯಾಗಿತ್ತು. ಬಾತುಗಳು ಬಂದಿಳಿದಿದ್ದವು. ಕೊಡೆ ನನ್ನ ಕೈಗೆ ಕೊಟ್ಟು ಇವರು ನೆನೆಯುತ್ತ ನಿಂತರು. ಜನವರಿಯಿಂದ ಈ ಮುಖ ನೋಡಿರಲಿಲ್ಲ.

"ನೋಡಿದ್ಯಾ? ಒಂದು ಮನೆ ಇಲ್ಲ. ಆದ್ರೂ ಕೆಲಸ ಮಾಡ್ತಿದೆ!"

ಕಾರಿಗೆ ಬಂದು ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು: "ನೀನು ಇದನ್ನ ಬಿಟ್ಬಿಟ್ಟಿದೀಯ. ಪಾಳು ಬಿದ್ದಿರೋದು ಮಾತ್ರ ಬರೆದಿದೀಯ. ಅದಕ್ಕೇ ನನಗೆ ತಡ್ಕೊಳ್ಳಕ್ಕಾಗ್ಲಿಲ್ಲ, ಪದ್ಮಾ."

ಬಿಟ್ಟಿದ್ದು ನಿಜ. ಮಾರ್ಚಿನಲ್ಲಿ ಅದು ಬರೀ ಕೆಸರಿನ ಹಳ್ಳ. ಚಿತ್ರಕ್ಕೆ ಅಡ್ಡ ಎಂದುಕೊಂಡಿದ್ದೆ.

"ಸೇರಿಸಿದ್ರೆ ಶೋಗೆ ಕೊಡ್ಲಾ?"

ವೈಪರ್ ಹಾಕಿದರು. "ಮೊದ್ಲು ಸರಿಯಾಗಿ ಬರಿ."

ಮೇ ೧೭

ಬಲಭಾಗವನ್ನೆಲ್ಲ ಉಜ್ಜಿ ತೆಗೆದೆ. ಕೆರೆ ಕೂಡುತ್ತಲೇ ಇಲ್ಲ — ಒಮ್ಮೆ ಕನ್ನಡಿ, ಒಮ್ಮೆ ಡಾಂಬರು. ಇವರು ತಮ್ಮ ಡ್ರಾಯಿಂಗುಗಳನ್ನು ನೆಲದ ಮೇಲೆ ಹರಡಿ, ದಂಡೆ ಇಷ್ಟು ಇಳಿಜಾರು ಇರಬೇಕು ಎನ್ನುತ್ತಾರೆ. ನನಗೆ ಇಳಿಜಾರು ಬೇಡ, ನೀರಿನೊಳಗೆ ಆಕಾಶ ಬೇಕು. ಜಗಳ. ಒಳ್ಳೆಯ ಜಗಳ. ಎಷ್ಟು ದಿನವಾಗಿತ್ತು.

ಮೇ ೩೦

ಇವರಿಗೆ ಡೆಟ್ರಾಯ್ಟಿನಲ್ಲಿ ಕಾಂಟ್ರಾಕ್ಟ್ ಕೆಲಸ. ಕೆಡವಿದ ಮನೆಗಳ ನೀರಿನ ಲೈನು, ಡ್ರೈನ್ ಲೈನು ಮುಚ್ಚಿಸುವುದು.

"ಕಟ್ಟಕ್ಕೆ ಯಾರೂ ಕರೀಲಿಲ್ಲ. ಮುಚ್ಚಕ್ಕಾದ್ರೂ ಕರೆದ್ರಲ್ಲ," ಎಂದು ನಕ್ಕರು. ನಗು ಪೂರ್ತಿಯಾಗಲಿಲ್ಲ. ಸೋಮವಾರವೇ ಹೊರಡಬೇಕು. ನಾನು ಇಲ್ಲೇ. ಮನೆ ಬಿಡುವ ಹಾಗಿಲ್ಲ, ಈಗ ಕೊಳ್ಳುವವರು ಯಾರು? ಆನ್ ಆರ್ಬರ್ ಅಲ್ಲಿಗೆ ಪಕ್ಕದಲ್ಲೇ; ಸಿಂಧುವಿಗೆ ಅಪ್ಪ ಹತ್ತಿರವಾಗುತ್ತಾರೆ, ಅಷ್ಟು ಸಮಾಧಾನ.

ಮೇರಿಯನ್‌ಗೆ ಫೋನ್ ಮಾಡಿದ್ದು ಇವರೇ, ಕೆರೆ ಕೊನೆಗೂ ಕೂಡಿದ ಮೇಲೆ. ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ — "ಯೆಸ್, ದ ಬಿಗ್ ಒನ್. ಐ ವಿಲ್ ಬ್ರಿಂಗ್ ಇಟ್ ಮೈಸೆಲ್ಫ್." ತಾವೇ ಕಂಬಳಿ ಸುತ್ತಿ ವ್ಯಾನಿಗೆ ಹಾಕಿ, ಕೊಟ್ಟು ಬಂದರು.

ಮನೆಯಲ್ಲಿ ಆ ಗೋಡೆ ಬೋಳು. ಈಗಲೇ.

ಮೇ ೩೧, ಸಂಜೆ, ಕೆರೆಯ ದಂಡೆ

ಹೋಗುವ ಮುಂಚೆ ಒಂದು ಸಲ ನೋಡಬೇಕೆಂದರು. ಸಣ್ಣ ಕ್ಯಾನ್ವಾಸ್ ಜೊತೆಗೆ ತಂದೆ.

"ಅಲ್ಲೇ ನಿಂತ್ಕೊಳ್ರೀ."

"ನನ್ನನ್ನಾ? ನೀನು ಮನುಷ್ಯರನ್ನ ಯಾವತ್ತು ಬರ್ದಿದೀಯ?"

ಬರೆದಿಲ್ಲ. ನನ್ನ ಬಯಲಿನಲ್ಲಿ ಇದುವರೆಗೆ ಯಾರೂ ನಿಂತಿಲ್ಲ.

ಕ್ಷಣಕ್ಕೊಮ್ಮೆ ಅಲ್ಲಾಡುತ್ತಾರೆ. ಸೊಳ್ಳೆ ಕಡಿಯುತ್ತಿದೆಯಂತೆ. ಈಗ ಸ್ವಲ್ಪ ಬಿಡುವು ಕೇಳಿ ನೀರಿನ ಕಡೆ ನಡೆದಿದ್ದಾರೆ. ಅದರೊಳಗೆ ಇಷ್ಟು ಬರೆಯುತ್ತಿದ್ದೇನೆ. ಷರಟು ಬಂದಿದೆ. ಹಿಂದೆ ಕಟ್ಟಿದ ಕೈ ಬಂದಿದೆ. ಮುಖ ಬಂದಿಲ್ಲ. ನಾಳೆಯಿಂದ ನೋಡಿ ಬರೆಯಲು ಸಿಗದ ಮುಖ.

ಕರೆಯುತ್ತಿದ್ದಾರೆ. "ಬೇಗ ಬಾರೇ, ಬೆಳಕು —"