ಅಜ್ಜನ ಪೆಟ್ಟಿಗೆಯ ಹಳದಿ

ಯರಗುಪ್ಪಿ, ತಾ. ಕುಂದಗೋಳ
೯ ಫೆಬ್ರುವರಿ ೨೦೨೫, ರವಿವಾರ ಮುಂಜಾನೆ

ಪ್ರೀತಿಯ ತಮ್ಮ ಈರೇಶನಿಗೆ, ನಿನ್ನ ಅಣ್ಣ ಮಡಿವಾಳೆಪ್ಪನ ಆಶೀರ್ವಾದ.

ಹೇಗಿದ್ದೀಯಪ್ಪಾ? ನಿನ್ನ ಮನೆಯಾಕೆ ಮಹಾನಂದಾಳ ಕಾಲಿಗೆ ಏನೋ ತ್ರಾಸವಂತೆ, ಹಾಲಿನ ಹೊಳೆಯಪ್ಪ ಹೇಳಿದ, ಇಳಿಯಿತೇ? ಅಣ್ಣಿಗೇರಿಯಲ್ಲಿ ಮದುಮಕ್ಕಳ ಮುಖಕ್ಕೆ ಬಣ್ಣ ಹಚ್ಚುವ ನಿನ್ನ ಕೆಲಸ ಚೆನ್ನಾಗಿ ಸಾಗಿದೆ ಎಂದೂ ಹೇಳಿದ. ಸಾಗಲಿ, ಆ ಕೈ ಸಾಮಾನ್ಯದ್ದಲ್ಲ. ನಾನು ಫೋನ್ ಮಾಡಿದರೂ, ನಿನ್ನ ವೈನಿ ಗುರವ್ವ ಮಾಡಿದರೂ ನೀನು ಎತ್ತುವುದಿಲ್ಲ. ತಪ್ಪು ನಿನ್ನದಲ್ಲ, ಎತ್ತದಂತೆ ಮಾಡಿದವನು ನಾನು. ಅದಕ್ಕೇ ಈ ಕಾಗದ, ಹೊಳೆಯಪ್ಪನ ಹಾಲಿನ ಗಾಡಿಯಲ್ಲಿ ಕಳಿಸುತ್ತೇನೆ. ಹರಿದು ಒಗೆಯುವುದಿದ್ದರೆ ಪೂರ್ತಿ ಓದಿ ಹರಿ.

ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯಲು ಪೆನ್ನು ಏಳುವುದಿಲ್ಲ. ನಮ್ಮ ದಾನೇಶ್ವರಿ ಆಸ್ಪತ್ರೆ ಸೇರಿ ಇಂದಿಗೆ ಹನ್ನೊಂದು ದಿನ. ನನ್ನ ಮಗಳಾದರೂ ಮೂರನೇ ವರ್ಷಕ್ಕೆ ನಿನ್ನ ಹೆಗಲೇರಿ ರಂಗಕ್ಕೆ ಬಂದವಳಲ್ಲವೇ, ಅದಕ್ಕೇ ನಿನಗೆ ತಿಳಿಸುವ ಋಣವಿದೆ. ಉಂಡದ್ದು ನಿಲ್ಲುವುದಿಲ್ಲ. ಅಂಗಾಲು ಕೆಂಡ ತುಳಿದಂತೆ ಉರಿಯುತ್ತವಂತೆ, ನೀರಿನ ಲೋಟ ಕೈಯಲ್ಲಿ ನಿಲ್ಲದು. ಗುರವ್ವ ತಲೆ ಬಾಚಿದರೆ ಹಣಿಗೆ ತುಂಬ ಕೂದಲು. ಡಾಕ್ಟರ್ ಬಾಯಿಯವರು ದಿನವೂ ನನ್ನನ್ನು ನಿಲ್ಲಿಸಿ ಕೇಳುತ್ತಾರೆ: “ಮೈಯಾಗ ಏನೋ ವಿಷ ಹೊಕ್ಕೈತ್ರಿ. ಏನಂತ ಹೆಸರು ಗೊತ್ತಾದ್ರ ಔಷಧ ಐತಿ. ನೆನಪು ಮಾಡ್ಕೋರಿ.”

ಕೇಳು ತಮ್ಮಾ, ಕೇಳು! ಮೂವತ್ತು ವರ್ಷ ಮೈಕಿಲ್ಲದೆ ಕೊನೆಯ ಸಾಲಿಗೆ ಮಾತು ಮುಟ್ಟಿಸಿದ ಈ ಗಂಟಲು ಆ ಕೋಣೆಯಲ್ಲಿ ಬೇರೆಯೇ ಮಾತು ಆಡುತ್ತದೆ.

ನೀನು ಹೋದ ಮೇಲೆ ನಮ್ಮ ರಂಗಮಂದಿರ ನೋಡಿದರೆ ಗುರುತು ಹಿಡಿಯಲಾರೆ. ಧಾರವಾಡದ ಸಂಸ್ಥೆಯವರು ಸಣ್ಣ ರಂಗಮಂದಿರಗಳನ್ನು ಪರಿಸರಕ್ಕೆ ಒಗ್ಗಿಸಬೇಕು ಎಂದು ಹೇಳಿಹೋದರಲ್ಲ, ಅದನ್ನು ನಾನು ದೇವರ ಮುಂದಿನ ಆಣೆಯಂತೆ ಹಿಡಿದೆ. ಫ್ಲೆಕ್ಸ್ ಕಿತ್ತೆಸೆದು ಬಟ್ಟೆಯ ಪರದೆ ಬರೆಸಿದೆ. ಎದೆ ನಡುಗಿಸುವ ಆ ಜನರೇಟರ್ ಕಳಿಸಿ, ಸೂರ್ಯನ ಬಿಸಿಲಿನಿಂದ ದೀಪ ಹಚ್ಚಿಸಿದೆ. ಸುಡುವ ತಗಡಿನ ಮೇಲೆ ಜೋಳದ ಕಣಿಕೆ ಹೊದಿಸಿದೆವು, ಒಳಗೆ ತಂಪೋ ತಂಪು. ಥರ್ಮಾಕೋಲ್ ಕಿರೀಟ ಹೋಗಿ ಕಾಗದದ ಮುದ್ದೆಯ ಕಿರೀಟ ಬಂತು, ಪ್ಲಾಸ್ಟಿಕ್ ಖುರ್ಚಿ ಹೋಗಿ ನವಲಗುಂದದ ಜಮಖಾನೆ ಬಂತು. ನಟರು ಮುಖ ತೊಳೆದ ನೀರು ಕೂಡ ಹಾಳಾಗಬಾರದೆಂದು ಹಿತ್ತಿಲಿಗೆ ಕಾಲುವೆ ತೋಡಿ ಮೆಣಸಿನ ಗಿಡಗಳಿಗೆ ಬಿಟ್ಟೆವು. ಗಿಡಗಳು ಎದೆಯುದ್ದ ಬೆಳೆದು ನಿಂತಾಗ ಊರೇ ಬಂದು ನೋಡಿತು. ಹದಿನೈದಕ್ಕೆ ಸಂಸ್ಥೆಯವರು ಪರೀಕ್ಷೆಗೆ ಬರುತ್ತಾರೆ. ಒಪ್ಪಿದರೆ ಕುಂದಗೋಳ ತಾಲೂಕಿನ ಮೊದಲ ಹಸಿರು ರಂಗಮಂದಿರ ನಮ್ಮದು.

ಹೇಳಲು ಉಳಿದದ್ದು ಬಣ್ಣ. ಅಲ್ಲೇ ನಮ್ಮಿಬ್ಬರ ನಡುವೆ ಮುರಿದದ್ದು. ಪೇಟೆಯ ಟ್ಯೂಬುಗಳನ್ನು ಗುಡಿಸಿ ಹೊರಗೆ ಹಾಕಿ, ನಾನು ಅಟ್ಟದಿಂದ ಅಜ್ಜನ ತಗಡಿನ ಪೆಟ್ಟಿಗೆ ಇಳಿಸಿದೆ. ಒಳಗೆ ಅರದಾಳ! ಬಂಗಾರದ ಚೂರಿನಂತೆ ಹೊಳೆಯುವ ಆ ಹಳದಿ ಕಲ್ಲನ್ನು ಅರೆದು ಎಣ್ಣೆಯಲ್ಲಿ ಕಲಸಿ ಹಚ್ಚಿದರೆ ಪಾತ್ರಧಾರಿ ಸಾಕ್ಷಾತ್ ದೇವತೆ. ನೆಲದೊಳಗಿಂದ ಬಂದ ಕಲ್ಲು, ಇದಕ್ಕಿಂತ ಶುದ್ಧ ಯಾವುದು ಎಂದು ನಾನು ಗುಡುಗಿದೆ. ನೀನು ಪೆಟ್ಟಿಗೆಯ ಮುಚ್ಚಳ ಹಾಕಿ ಅದರ ಮೇಲೆ ಕೈಯಿಟ್ಟು ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ಯಣ್ಣಾ, ಹಾವಿನ ವಿಷಾನೂ ನೆಲದಾಗಿಂದನ ಬರತೈತಿ. ಇದು ಪಾಷಾಣದ ಜಾತಿ. ಅಜ್ಜ ಕಡೀಕ ಚಮಚಾ ಹಿಡ್ಯಾಕ ಬರದಂಗ ಆಗಿದ್ದ, ಮರತಿ ಏನು?” ಇಡೀ ಮೇಳದ ಎದುರು ನಾನು ನಕ್ಕೆ. “ಟ್ಯೂಬಿನ ದಲಾಲಿ ಮಾತಾಡಬ್ಯಾಡಲೇ!” ಎಂದೆ. ಚಪ್ಪಾಳೆ ಬಿತ್ತು. ನೀನು ಬಣ್ಣದ ಕೋಣೆಯ ನಿನ್ನ ಕನ್ನಡಿ ಬಿಚ್ಚಿಕೊಂಡು ಮೇಳ ಬಿಟ್ಟು ಹೋದೆ.

ನಾಗರ ಪಂಚಮಿಯಿಂದ ಆಸ್ಪತ್ರೆ ಸೇರುವವರೆಗೆ, ವಾರಕ್ಕೆರಡು ಆಟ. ಮಗಳು ದಾನವ್ವನದು ದೇವಿಯ ಪಾತ್ರ. ಹಣೆಗೆ, ಕೆನ್ನೆಗೆ, ತುಟಿಗೆ ಸಹ ನನ್ನ ಈ ಕೈಗಳೇ ಹಚ್ಚಿದವು. ದೀಪಾವಳಿಯ ಹೊತ್ತಿಗೆ ಅವಳು, “ಅಪ್ಪಾ, ಅಂಗಾಲು ಉರಿತಾವು, ಬೆರಳು ಜುಂ ಅಂತಾವು” ಎಂದಳು. ಅಜ್ಜ ಏನು ಹೇಳುತ್ತಿದ್ದ ನೆನಪಿದೆಯೇ? ರಂಗದೇವತೆ ಒಲಿದಳೆಂದರೆ ಮೊದಲು ಅಂಗಾಲು ಉರಿಯುತ್ತವೆ, ಆಮೇಲೆ ಬೆರಳು ಜುಮ್ಮೆನ್ನುತ್ತವೆ. ನಮ್ಮ ಮನೆಯಲ್ಲಿ ಅದು ವರ! ಅಜ್ಜನಿಗೆ ಬಂದಿತ್ತು, ಅಪ್ಪನಿಗೆ ಬಂದಿತ್ತು. ನನಗೆ ಬರಲಿಲ್ಲವೆಂದು ನಾನು ಅತ್ತವನು. ಈರೇಶಾ, ನಾನು ಏನು ಮಾಡಿದೆ ಗೊತ್ತೇ? ಮಗಳಿಗೆ ವರ ಬಂತೆಂದು ಗುಡಿಯಲ್ಲಿ ಕಾಯಿ ಒಡೆಸಿ ಓಣಿಗೆಲ್ಲ ಸಕ್ಕರೆ ಹಂಚಿದೆ. ಅವಳಿಗೆ ಮತ್ತಷ್ಟು ದಪ್ಪ ಹಚ್ಚಿದೆ.

ಮುಖಕ್ಕೆ ಏನು ಹಚ್ಚಿದ್ದಿರಿ ಎಂದು ಡಾಕ್ಟರ್ ಬಾಯಿಯವರು ಮೊದಲ ದಿನವೇ ಕೇಳಿದ್ದರು. “ಅರಿಷಿಣರಿ, ಕೆಮ್ಮಣ್ಣರಿ, ಎಲ್ಲಾ ನಿಸರ್ಗದ್ದರಿ” ಎಂದೆ. ಪಕ್ಕದಲ್ಲಿ ಗುರವ್ವ ನಿಂತಿದ್ದಳು. ಹದಿನೈದನೆಯ ತಾರೀಖು ಕಣ್ಣ ಮುಂದಿತ್ತು, ಊರ ತುಂಬ ಹಂಚಿದ ಸಕ್ಕರೆ ಕಣ್ಣ ಮುಂದಿತ್ತು. ಹನ್ನೊಂದು ದಿನ ಅದೇ ಮಾತು ಆಡಿದ್ದೇನೆ. ಸುಳ್ಳು ಹೇಳುವಾಗಲೂ ಈ ಗಂಟಲು ನಡುಗಲಿಲ್ಲ ನೋಡು, ಎಂಥ ನಟ ನಾನು!

ನೀನು ಬಾ. ಆ ಕಲ್ಲಿನ ಗುಣ ಬಲ್ಲವನು ನೀನೊಬ್ಬನೇ. ಡಾಕ್ಟರ ಮುಂದೆ, ಗುರವ್ವನ ಮುಂದೆ ಆ ಹೆಸರು ನೀನು ಹೇಳು, ನಾನು ತಲೆ ತಗ್ಗಿಸಿ ಪಕ್ಕದಲ್ಲಿ ನಿಲ್ಲುತ್ತೇನೆ. ಅಜ್ಜಂದಿರು ನಿನ್ನನ್ನೂ ಮಹಾನಂದಾಳನ್ನೂ ಕಾಯಲಿ ಎಂದು ಬರೆಯಲು ಹೊರಟು ತಡೆದೆ. ಶಿವನೇ ಕಾಯಲಿ.

ನಿನ್ನ ಅಣ್ಣ,
ಮಡಿವಾಳೆಪ್ಪ

ತಾ.ಕ.: ಈರೇಶಾ, ಇದನ್ನು ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಮನೆಯಲ್ಲಿ ಕಾಗದ ಮಡಚುವ ಮೊದಲು ರೂಢಿಯಂತೆ ಒಮ್ಮೆ ಗಟ್ಟಿಯಾಗಿ ಓದಿದೆ, ನನ್ನ ಕಿವಿಯೇ ಕೇಳಲಾರದಾಯಿತು. ಪೆಟ್ಟಿಗೆ ಎತ್ತಿಕೊಂಡು ಬಂದು ಡಾಕ್ಟರ್ ಬಾಯಿಯವರ ಮೇಜಿನ ಮೇಲೆ ಇಟ್ಟು ಎಲ್ಲ ಹೇಳಿದೆ. ಗುರವ್ವ ನನ್ನ ಮುಖ ನೋಡಲಿಲ್ಲ. ದಾನವ್ವನನ್ನು ಈಗಲೇ ಹುಬ್ಬಳ್ಳಿಗೆ ಒಯ್ಯುತ್ತಾರೆ, ಉಳಿಯುವ ಮಾತು ಯಾರೂ ಆಡುತ್ತಿಲ್ಲ. ಡಾಕ್ಟರು ಇನ್ನೊಂದೇ ಕೇಳಿದರು: “ಆ ಮಾರಿ ತೊಳೆದ ನೀರು ಎಲ್ಲಿ ಹೋಗತಿತ್ರಿ?” ಎಳ್ಳು ಅಮಾವಾಸ್ಯೆಗೆ ಗುರವ್ವ ನಿನಗೆ ಕಳಿಸಿದ ಒಣಮೆಣಸಿನಕಾಯಿಯ ಚೀಲ ಮುಖ ತೊಳೆದ ಆ ನೀರು ಕುಡಿದ ಗಿಡಗಳದ್ದೇ. ನಾವೂ ಉಂಡಿದ್ದೇವೆ. ಇನ್ನು ಮುಟ್ಟಬೇಡಿ. ಹುಗಿಯಬೇಡ, ಸುಡಬೇಡ, ಹಳ್ಳಕ್ಕೆ ಚೆಲ್ಲಬೇಡ, ಚೀಲದ ಬಾಯಿ ಕಟ್ಟಿ ಇಡು. ಫೋನ್ ಹತ್ತುತ್ತಿಲ್ಲ, ಹಾಲು ಬಿಟ್ಟು ಮೊದಲು ನಿನ್ನ ಮನೆಗೇ ಓಡು ಎಂದು ಹೊಳೆಯಪ್ಪನಿಗೆ ಹೇಳಿದ್ದೇನೆ. ಮಹಾನಂದಾಳ ಕಾಲಿಗೆ ಏನು ತ್ರಾಸ, ನೋವೋ, ಉರಿಯೋ? ಉರಿಯಾದರೆ ಅದೇ ಗಾಡಿಯಲ್ಲಿ ಅವಳನ್ನು ಕರೆದುಕೊಂಡು ಬಾ.