ಅಂಚು ಕೀಳದ ತುಂಡು

ಹೊನ್ನಾಳಿ
12-3-1978

ಅವ್ವನಿಗೆ ನೀಲಾಂಬಿಕೆಯ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಹೊಡೆದುಹಾಕಿದೆ. ಅವ್ವ, ನನಗೆ ಭಯವಾಗಿದೆ. ಇದನ್ನು ಓದಿ ಒಲೆಗೆ ಹಾಕು, ಅಪ್ಪನಿಗೆ ತೋರಿಸಬೇಡ.

ಇಲ್ಲಿ ಸಂತೆಯ ತಗಡಿನಡಿ ಮನೆಮಠ ಇಲ್ಲದ ನಾಲ್ಕೈದು ಹೆಂಗಸರು ಮಲಗುತ್ತಾರೆ. ಅವರಲ್ಲಿ ತಿಪ್ಪಮ್ಮ ಎಂಬುವಳು ಮುಟ್ಟಾದಾಗ ಗೋಣಿಚೀಲದ ಚೂರು ಕಟ್ಟಿಕೊಂಡು ತೊಡೆಯೆಲ್ಲ ಹುಣ್ಣು ಮಾಡಿಕೊಂಡಿದ್ದಳು. ಉಟ್ಟದ್ದೊಂದೇ ಸೀರೆ, ಹರಿಯಲು ಇನ್ನೊಂದು ಎಲ್ಲಿಂದ ಬರಬೇಕು? ದೀಪಾವಳಿಯಿಂದ ನಾನೇ ಅವರಿಗೆಲ್ಲ ಬಟ್ಟೆ ಕೊಡುತ್ತಿದ್ದೇನೆ. ಕೌದಿ ಹೊಲಿಯಲೆಂದು ಅತ್ತೆ ಕೊಟ್ಟ ಹಳೆ ಸೀರೆಗಳನ್ನು ಹರಿದು, ಮಡಿಸಿ ಹೊಲಿದು, ಸೊಪ್ಪಿನ ಬುಟ್ಟಿಯಲ್ಲಿಟ್ಟು ಒಯ್ಯುತ್ತೇನೆ. ಕೌದಿ ಇನ್ನೂ ಮೊಳದುದ್ದ ದಾಟಿಲ್ಲ. ನಿನ್ನ ಮಗಳು ಸೂಜಿ ಹಿಡಿದು ನಿದ್ದೆ ಮಾಡುತ್ತಾಳೆಂದು ಅತ್ತೆ ಅಣಕಿಸುತ್ತಾರೆ.

ಬುದ್ಧಿಗೇಡಿ ನಾನು, ಈ ಸಲ ಕೆಂಪು ಅಂಚು ಕಿತ್ತು ತೆಗೆಯುವುದನ್ನು ಮರೆತೆ. ಮುಟ್ಟಿನ ಬಟ್ಟೆ ಯಾರ ಕಣ್ಣಿಗೂ ಬೀಳಬಾರದಲ್ಲ, ತಿಪ್ಪಮ್ಮ ಅದನ್ನು ನಮ್ಮ ಹಿತ್ತಿಲಾಚೆ ಹೂತಿದ್ದಳು. ನಿನ್ನೆ ನಾಯಿ ಕೆದರಿ ಅಂಗಳಕ್ಕೆ ತಂದಿತು. ಅಂಚು ನೋಡಿದ್ದೇ ಅತ್ತೆ ಗುರುತು ಹಿಡಿದರು. ಹದಿನೈದು ದಿನದಿಂದ ಅವರಿಗೆ ಬಿಡದ ಜ್ವರ. ನನ್ನ ಸೀರಿಗೆ ರಕ್ತ ಹಚ್ಚಿ ಹುಗಿದಾರೆ, ಇದು ಮಾಟನೇ ಐತೆ ಎಂದು ಅಳತೊಡಗಿದರು. ಪಕ್ಕದ ಮನೆಯ ಗಾದ್ರಪ್ಪ, ತಿಪ್ಪಿ ಅಲ್ಲಿ ಮಣ್ಣು ಕೆದರ್ತಿದ್ಲು, ನಾನೇ ಕಂಡೀನಿ ಎಂದ. ಅವಳ ಹಲ್ಲು ಮುರಿದರೆ ಮಂತ್ರ ಹೇಳಾಕೆ ಬರಲ್ಲ, ನಾಳೆ ಸಂಜೆ ಹೋಗಾಣ ಎಂದರು ನಿನ್ನ ಅಳಿಯ.

ನಾನು ಗಂಜಿ ಹಿಡಿದು ಅಲ್ಲೇ ನಿಂತಿದ್ದೆ. ಅದನ್ನು ಅತ್ತೆಯ ಮುಂದಿಟ್ಟು ಒಳಗೆ ಹೋದೆ. ಹೇಳಿದರೆ ಮಾಟ ಮಾಡಿಸಿದವಳು ನಾನೇ ಎನ್ನುತ್ತಾರೆ. ಹಾಲು ಬಿಡದ ಮಗನನ್ನು ಕಿತ್ತುಕೊಂಡು ನನ್ನನ್ನು ಅಟ್ಟುತ್ತಾರೆ. ಹೋದ ವರ್ಷ ಓರಗಿತ್ತಿಗೆ ಮಾಡಿದ್ದು ಅದೇ. ನಾನು ಹೇಡಿ, ಅವ್ವ.

ನಿನ್ನ ಮಗಳು,
ನೀಲಾಂಬಿಕೆ

ತಾ.ಕ.: ಈ ಕಾಗದ ತಂದವಳೇ ತಿಪ್ಪಮ್ಮ. ನಮ್ಮೂರು ಬಿಳಿಚೋಡಿನ ದಾರಿ ಹೇಳಿ ಮಧ್ಯಾಹ್ನದ ಬಸ್ಸಿಗೆ ಕೂರಿಸುತ್ತೇನೆ. ಇವತ್ತು ಅವಳಿಗೆ ಎರಡನೇ ದಿನ, ನಿನ್ನದೊಂದು ಹಳೆ ಸೀರೆ ಹರಿದು ಕೊಡು. ಇವಳು ಸಿಗದಿದ್ದರೆ ಜೊತೆಯಲ್ಲಿ ಮಲಗುವ ಕಿವುಡಿ ಗಿಡ್ಡಮ್ಮನನ್ನು ಹಿಡಿಯುತ್ತಾರೆ. ಅದಕ್ಕೇ ಬಸ್ಸು ಹೋದ ಮೇಲೆ ಮನೆಗೆ ಬಂದು ಅತ್ತೆಗೆ ಎಲ್ಲ ಹೇಳುತ್ತೇನೆ. ನಾಳೆ ಸಂಜೆ ನಾನೂ ಬಂದಿಳಿದರೆ, ಮಗು ಎಲ್ಲಿ ಎಂದು ಮಾತ್ರ ಕೇಳಬೇಡ.