ಹೊಡೆದದ್ದು ಕಂಬದ ಕರೆಂಟಲ್ಲ ಸ್ವಾಮಿ

ಆರೋಗ್ಯ ಯೋಜನೆಯಲ್ಲಿ ಚಿಕಿತ್ಸೆ ಮಂಜೂರು ಮಾಡುವ ಅಧಿಕಾರಿಗಳಿಗೆ, ತುಮಕೂರು

ಮಾನ್ಯರೇ, ಮೊದಲು ಆ ಫೋನು ಕೆಳಗಿಡಿ. ಮುದುಕಿ ಬರೆದ ಕಾಗದ ಅಂತ ಮೂಗು ಮುರಿಯಬೇಡಿ, ಕರುಳಿನ ವಿಷಯ ಅಂತ ಮೂಗು ಮುಚ್ಚಲೂಬೇಡಿ. ನಿಮಗೂ ಒಂದು ಕರುಳಿದೆ ಅಂದುಕೊಂಡೇ ಬರೆಯುತ್ತಿದ್ದೇನೆ. ನನ್ನದು ಸುಟ್ಟಿದೆ. ಅದಕ್ಕೆ ಬೇಕಾದ ಆಕ್ಸಿಜನ್ ಚಿಕಿತ್ಸೆಯನ್ನು ನೀವು ತಿರಸ್ಕರಿಸಿದ್ದೀರಿ. ಕೊಟ್ಟ ಕಾರಣ, "ವಿದ್ಯುತ್ ಅವಘಡ, ಯೋಜನೆಗೆ ಒಳಪಡುವುದಿಲ್ಲ."

ತಪ್ಪು ನಿಮ್ಮದೊಂದೇ ಅಲ್ಲ, ನನ್ನ ಬಾಯಿಯದೂ ಇದೆ. ಗರ್ಭಕೋಶದ ಕ್ಯಾನ್ಸರ್ ಬಂದಾಗ ನನಗೆ ರೇಡಿಯೇಶನ್ ಕೊಟ್ಟರು. ನಮ್ಮ ಕಡೆ ಅದಕ್ಕೆ 'ಕರೆಂಟು ಕೊಡೋದು' ಅಂತೀವಿ. ಕ್ಯಾನ್ಸರ್ ಹೋಯಿತು, ಪಕ್ಕದಲ್ಲಿ ಸುಮ್ಮನಿದ್ದ ಕರುಳೂ ಬೆಂದಿತು. ಈಗ ಕಕ್ಕಸಿಗೆ ಕೂತರೆ ರಕ್ತ. ನಿಮ್ಮ ಕಚೇರಿಯ ಕೌಂಟರಿನವರು "ಏನಾಗಿದೆ ಅಜ್ಜಿ?" ಅಂದರು. ಕೊತ್ತಗೆರೆ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ಸಂಪಾದಿಸಿದ ಪಾಂಡಿತ್ಯವನ್ನೆಲ್ಲ ಒಟ್ಟುಮಾಡಿ, "ಕರೆಂಟು ಜಾಸ್ತಿಯಾಗಿ ಕರುಳು ಸುಟ್ಟೋಗದೆ ಕಣಪ್ಪ" ಅಂದೆ. ಅವರು ಹಾಗೇ ಬರೆದುಕೊಂಡರು, ನೀವು ಹಾಗೇ ನಂಬಿದಿರಿ. ಡಾಕ್ಟರ ರಿಪೋರ್ಟು ಅದರ ಹಿಂದೆಯೇ ಪಿನ್ನು ಹೊಡೆಸಿಕೊಂಡು ಕೂತಿತ್ತು. ತಿರುವಿ ನೋಡಿದ್ದರೆ ತಮ್ಮ ಬೆರಳು ಸವೆಯುತ್ತಿತ್ತೇ?

ಸಾಲದ್ದಕ್ಕೆ ವಿದ್ಯುತ್ತಿನವರಿಗೂ ತಿಳಿಸಿದಿರಿ. ಲೈನ್‌ಮನ್ ಕಾಂತೇಶ ಗುಬ್ಬಿಯಲ್ಲಿರುವ ನಮ್ಮ ಮನೆಗೆ ಬಂದ.

"ಅಜ್ಜಿ, ಶಾಕ್ ಹೊಡೀತಂತೆ? ಎಲ್ಲಿ, ಜಾಗ ತೋರ್ಸಿ."

"ಬುಡ್ಲಾ ಮಗ, ತೋರ್ಸೋವಂಥ ಜಾಗದಲ್ಲಿಲ್ಲ ಕಣೋ."

ಮೊಮ್ಮಗಳು ಅನುಪಮಾ ನಗು ತಡೆಯಲಾರದೆ ಹಿತ್ತಲಿಗೆ ಓಡಿದಳು. ಅವನು ಪಾಪ, ಸ್ವಿಚ್ಚು ಮೀಟರೆಲ್ಲ ನೋಡಿ "ವೈರಿಂಗ್ ಸರಿಯಾಗದೆ" ಅಂತ ಹೇಳಿ ಹೋದ. ಮನೆಯದು ಸರಿಯಾಗಿದೆ ಮಾನ್ಯರೇ, ಕೆಟ್ಟಿರುವುದು ನನ್ನದು.

ಈ ಚಿಕಿತ್ಸೆಯಲ್ಲಿ ಬಾಗಿಲು ಭದ್ರ ಮಾಡಿದ ಪೀಪಾಯಿಯಂಥ ಕೋಣೆಯಲ್ಲಿ ಕೂರಿಸಿ, ಗಾಳಿಯ ಒತ್ತಡ ಏರಿಸಿ, ಬರೀ ಆಕ್ಸಿಜನ್ ಉಸಿರಾಡಿಸುತ್ತಾರಂತೆ. ಒಂದು ದಿನದ್ದಲ್ಲ, ವಾರಗಟ್ಟಲೆ. ಬೆಂದ ಕಡೆ ಹೊಸ ರಕ್ತನಾಳ ಚಿಗುರಬಹುದಂತೆ. ಡಾಕ್ಟರು 'ಬಹುದು' ಅಂದರು, ಆಗೇ ಆಗುತ್ತೆ ಅನ್ನಲಿಲ್ಲ. ಆ ನಿಯತ್ತಿಗೇ ನಾನು ಒಪ್ಪಿದ್ದು. ತಡವಾದರೆ ಕರುಳು ಕತ್ತರಿಸಿ, ಮಲ ಹೋಗಲು ಹೊಟ್ಟೆಗೆ ಚೀಲ ಕಟ್ಟಬೇಕಾದೀತು ಅಂತಲೂ ಅಂದರು. ನನ್ನ ಬಾಯಿಗೆ ಚೀಲ ಕಟ್ಟಲಿ ಅಂತ ಸೊಸೆ ಪ್ರೇಮಲತಾ ಬಹಳ ದಿನದಿಂದ ಹರಕೆ ಹೊತ್ತಿದ್ದಾಳೆ. ಹೊಟ್ಟೆಗೆ ಅಂತ ಅವಳೂ ಕೇಳಿಕೊಂಡಿಲ್ಲ.

ತುಮಕೂರಿನ ಬಸ್ಸು ಹತ್ತಬೇಕಾದರೆ ನಾನು ಹಿಂದಿನ ದಿನವೇ ಊಟ ಬಿಡುತ್ತೇನೆ. ನಡುದಾರಿಯಲ್ಲಿ ಅವಸರವಾಗಿ, ಇಳಿಸಪ್ಪ ಅಂತ ಎಲ್ಲಿ ಕಂಡಕ್ಟರನ ಕಾಲು ಹಿಡಿಯಬೇಕಾಗುತ್ತೋ ಅನ್ನೋ ಭಯ. ಬೀದಿಯವರು ಮಾತ್ರ ನನ್ನ ಶಿವಭಕ್ತಿ ಮೆಚ್ಚಿ, ಬಸವಲಿಂಗಮ್ಮನಿಗೆ ಎಂಥ ಉಪವಾಸ ಅಂತ ಕೈಮುಗಿಯುತ್ತಾರೆ. ಹಾಗೇ ಹಸಿದು ನಿಮ್ಮ ಬಾಗಿಲಿಗೆ ಬಂದೆ. "ಸಾಹೇಬರು ಮೀಟಿಂಗಲ್ಲಿ ಅವ್ರೆ" ಅಂದರು. ಕರುಳಿಗೆ ಮೀಟಿಂಗು ಗೊತ್ತಾಗಬೇಕಲ್ಲ ಸ್ವಾಮಿ! ನಿಮ್ಮ ಕಚೇರಿಯ ಬೀಗ ಹಾಕಿದ ಶೌಚಾಲಯದ ಮುಂದೆ ನಾನು ಪಟ್ಟ ಪಾಡನ್ನು ಇಲ್ಲಿ ಬರೆಯುವುದಿಲ್ಲ. ಕಾಗದಕ್ಕೂ ಮರ್ಯಾದೆ ಇದೆ.

ಆ ತಿರಸ್ಕಾರ ರದ್ದಾಗಬೇಕು, ಚಿಕಿತ್ಸೆ ಮಂಜೂರಾಗಬೇಕು. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆಯಿರಿ. ನನಗೆ ಬರೆಯಿರಿ, ಕಾಂತೇಶನಿಗಲ್ಲ.

ಇಂತಿ,
ಬಾಯೊಂದು ಬಿಟ್ಟು ಮಿಕ್ಕೆಲ್ಲ ಫ್ಯೂಸು ಹೋಗಿರುವ
ಬಸವಲಿಂಗಮ್ಮ, ಗುಬ್ಬಿ